ಒಂದೇ ಒಂದು ಬಟನ್

ಬೆಳಕು ಹರಿಯುವ ಮೊದಲು ಅವಳು ಮುಗಿಸುತ್ತಿದ್ದ ಕೆಲಸಗಳು ಇವು: ನೀರು ಬಂದೊಡನೆ ಡ್ರಮ್ಮು ತುಂಬುವುದು, ರಾತ್ರಿಯ ಪಾತ್ರೆ ತೊಳೆಯುವುದು, ಮಾವನ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಬೇರೆ ಮಾಡಿಡುವುದು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ, ಮೂರು ಡಬ್ಬಿ ಊಟ, ಗಂಡ ಎದ್ದು ಕೂಗುವ ಮುಂಚೆ ಅವನ ಸಾಕ್ಸು ಹುಡುಕಿಡುವುದು. ಇಷ್ಟರ ನಡುವೆ ಬಲಗೈ ಹಿಟ್ಟಿನಲ್ಲಿರುವಾಗ, ಹಿಂದಿನ ದಿನ ತಾನೇ ವಿನ್ಯಾಸ ಮಾಡಿದ ಆ್ಯಪನ್ನು ಎಡಗೈಯ ಒದ್ದೆ ಹೆಬ್ಬೆರಳಿನಿಂದ ಒತ್ತಿ ನೋಡುವುದು.

ಆ ಹೆಬ್ಬೆರಳಿಗೆ ಸಿಗದ ಬಟನ್ ಮಧ್ಯಾಹ್ನದೊಳಗೆ ಪರದೆಯಿಂದ ಮಾಯ. ಹನ್ನೊಂದು ವರ್ಷ ಹೀಗೇ ಅಳಿಸುತ್ತ ಬಂದದ್ದಕ್ಕೆ ಆಫೀಸಿನಲ್ಲಿ ಅವಳಿಗೆ ರಬ್ಬರಮ್ಮ ಎಂಬ ಹೆಸರು ಬಿದ್ದಿತ್ತು. ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ. ಗುಡಿಸಿದ ಮನೆ ಯಾರ ಕಣ್ಣಿಗೂ ಬೀಳುವುದಿಲ್ಲ, ಗುಡಿಸದಿದ್ದರೆ ಎಲ್ಲರಿಗೂ ಕಣ್ಣು ಬರುತ್ತದೆ.

ಈ ಸಲ ಬಂದದ್ದು ಹೆರಿಗೆ ಆಸ್ಪತ್ರೆಯೊಂದರ ಆ್ಯಪ್. ನೋವು ಶುರುವಾದವಳು ಅದರಿಂದ ಆಂಬುಲೆನ್ಸ್ ಕರೆಯಬೇಕು. ಪರದೆಯ ತುಂಬ ಒಂದೇ ಬಟನ್ ಇಟ್ಟಳು: ‘ಗಾಡಿ ಕಳಿಸಿ’.

ಮ್ಯಾನೇಜರ್ ನೋಡಿ ನಕ್ಕ. "ಏನಮ್ಮಾ ಇದು, ಬೋಳುತಲೆ ಇದ್ದ ಹಾಗಿದೆ! ಆಸ್ಪತ್ರೆ ಅಧ್ಯಕ್ಷರ ಫೋಟೋ ಎಲ್ಲಿ? ಪ್ಯಾಕೇಜು, ಆಫರು, ಲಾಗಿನ್ನು?"

"ನೋವು ತಿಂತಿರೋಳು ಪಾಸ್‌ವರ್ಡ್ ನೆನಪು ಮಾಡ್ಕೋತಾಳಾ ಸಾರ್?"

"ಗಂಡ ಇರ್ತಾನಲ್ಲ, ಒತ್ತಿಕೊಡ್ತಾನೆ ಬಿಡಿ."

"ನಮ್ಮನೇಲೂ ಇದ್ರು. ಚಾರ್ಜರ್ ಹುಡುಕ್ತಾ ಇದ್ರು."

ತಂಡದವರೆಲ್ಲ ನಕ್ಕರು. ಮ್ಯಾನೇಜರ್ ನಗಲಿಲ್ಲ. "ನೋಡಿ, ಸಂಜೆಯೊಳಗೆ ಆಸ್ಪತ್ರೆಯವರು ಕೇಳಿರೋ ಹದಿನಾಲ್ಕೂ ಬಟನ್ ಹಾಕಿ ಕಳಿಸಿದ್ರೆ ತಂಡದ ಮುಖ್ಯಸ್ಥೆ ನೀವೇ. ಇಲ್ಲಾಂದ್ರೆ ಆ ಕುರ್ಚಿ ಬೇರೆಯವರಿಗೆ."

ನಾಲ್ಕು ವರ್ಷದಿಂದ ಅವಳು ಕಾದಿದ್ದ ಕುರ್ಚಿ ಅದು. ಹದಿನಾಲ್ಕನ್ನೂ ಹಾಕಿದಳು. ಹಾಕಿ, ಆಫೀಸು ಒರೆಸುವ ಅಕ್ಕನ ಕೈಗೆ ಫೋನು ಕೊಟ್ಟಳು. ಆಕೆ ಮೂರು ಹೆತ್ತವಳು. ಇನ್ನೊಂದು ಕೈಯಲ್ಲಿ ಬಕೆಟ್ಟಿತ್ತು.

"ಗಾಡಿ ಕರೀರಿ ಅಕ್ಕಾ."

ಅಕ್ಕ ಒತ್ತಿದಳು. ಅಧ್ಯಕ್ಷರ ಫೋಟೋ ದೊಡ್ಡದಾಯಿತು. "ಯಾರಮ್ಮಾ ಈ ಯಜಮಾನ್ರು? ಹೆರಿಗೆ ಇವರೇ ಮಾಡಿಸ್ತಾರಾ?" ಮತ್ತೆ ಒತ್ತಿದರೆ ಆಫರು, ಇನ್ನೊಮ್ಮೆ ಒತ್ತಿದರೆ ಲಾಗಿನ್. ಅಕ್ಕ ಬಕೆಟ್ಟು ಕೆಳಗಿಟ್ಟಳು. ಮುಖದ ನಗು ಆರಿಹೋಗಿತ್ತು. "ನೀನೇ ಒತ್ಕೋ ತಾಯಿ. ನನಗೆ ಇದೆಲ್ಲ ತಲೆಗೆ ಹತ್ತಲ್ಲ" ಎಂದು, ತಪ್ಪು ತನ್ನದೇ ಎಂಬಂತೆ ಫೋನನ್ನು ಸೆರಗಿಗೆ ಒರೆಸಿ ಹಿಂದಿರುಗಿಸಿದಳು.

ಆ ಒರೆಸುವಿಕೆ ಕಂಡು ಅವಳ ಮೈ ಉರಿಯಿತು.

ಅವಳು ಕಳಿಸಿದ್ದ ಮೆಸೇಜು ಓದಿ ನಾಲ್ಕೂವರೆಗೆ ಗಂಡ ಫೋನು ಮಾಡಿದ. "ಹಾಕಿಬಿಡೇ ಅತ್ಲಾಗೆ. ಬಟನ್ನಿಗೋಸ್ಕರ ಯಾರಾದ್ರೂ ಕುರ್ಚಿ ಬಿಡ್ತಾರಾ?"

"ಕುರ್ಚಿ ಮೇಲೆ ಕೂತು ಯಾರೂ ಹೆರಲ್ಲ ಕಣ್ರೀ" ಎಂದು ಫೋನಿಟ್ಟಳು.

ಮೀಟಿಂಗ್ ಕೋಣೆ ಖಾಲಿಯಿತ್ತು. ಬಾಗಿಲು ಹಾಕಿಕೊಂಡು ಕೂತಳು. ಎರಡು ವಿನ್ಯಾಸಗಳೂ ಎದುರಿಗಿದ್ದವು. ಯಾವುದನ್ನು ಕಳಿಸಿದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ಒಂದೇ ಬಟನ್ನಿನದನ್ನು ಮ್ಯಾನೇಜರ್‌ಗೆ ಕಳಿಸುವ ಮೇಲ್‌ಗೆ ಲಗತ್ತಿಸಿದಳು. ಅದರದೇ ಒಂದು ಪ್ರತಿಯನ್ನು ಆಸ್ಪತ್ರೆಯ ಹಿರಿಯ ನರ್ಸ್‌ಗೂ ಹಾಕಿದಳು. ಕೆಳಗೆ ಬರೆದಳು: "ಅಧ್ಯಕ್ಷರ ಫೋಟೋ ಬೇಕಿದ್ದರೆ ಆಸ್ಪತ್ರೆಯ ಗೋಡೆಗೆ ಹಾಕಿಸಿ. ಮುಖ್ಯಸ್ಥೆಯ ಜಾಗಕ್ಕೆ ಬೇರೆಯವರನ್ನು ನೋಡಿ." ಎಲ್ಲಿಯೂ ದಯವಿಟ್ಟು ಎಂದು ಸೇರಿಸದೆ, ಕಳಿಸಿದಳು.