ಒಂದು ಕಮಾನು ಕಡಿಮೆ

ಭದ್ರಾವತಿಯ ನನ್ನ ಬಾಡಿಗೆ ಮನೆಯ ಹಿಂದೆ ಕಂಬಳಿ ನೇಯುವವರಿದ್ದಾರೆ. ಹೋದ ಶನಿವಾರ ಬೆಳಿಗ್ಗೆ ಅವರು ಹುಣಸೆಬೀಜದ ಗಂಜಿ ಕುದಿಸುತ್ತಿದ್ದರು. ಸ್ವಲ್ಪ ಸೀದಂಥ ಆ ವಾಸನೆ ಬಂದದ್ದೇ ತಡ, ಶಿವಮೊಗ್ಗದ ಪರದೆ ಮೇಷ್ಟ್ರು ನೆನಪಾದರು. ಹಳೆಯ ಡೈರಿಗಳನ್ನು ತೆಗೆದು ಕೂತೆ.

ಆಗ ನಾನು ಶಿವಮೊಗ್ಗದ ಕೋಟೆ ಕೇರಿಯಲ್ಲಿ ಅವರ ಪಕ್ಕದ ಮನೆಯಲ್ಲಿದ್ದೆ. ಊರಿನ ನಾಟಕಶಾಲೆಯ ಪರದೆಗಳೆಲ್ಲ ಅವರು ಬರೆದವು. ಹಿಂದೆ ಅಕ್ಕಿ ಗೋದಾಮಾಗಿದ್ದ ತಗಡಿನ ಕಟ್ಟಡ ಅದು. ಮಳೆ ಬಂದರೆ ನಟರು ಅರಚಿಕೊಂಡೇ ಅಳಬೇಕಿತ್ತು. ಬಣ್ಣ ಬಟ್ಟೆಗೆ ಹಿಡಿಯಲೆಂದು ಮೇಷ್ಟ್ರು ಇದೇ ಹುಣಸೆಬೀಜದ ಅಂಟು ಕಾಯಿಸುತ್ತಿದ್ದರು. ರಂಗದ ಮುಂಭಾಗದ ಪರದೆಯ ಮೇಲೆ ತುಂಗೆಯ ಸೇತುವೆ ಬರೆದಿದ್ದರು. ಅದರ ಕಮಾನುಗಳನ್ನು ಎಣಿಸುವುದು ನನ್ನ ಅಭ್ಯಾಸ. ಒಂದು ದಿನ ಹೊಳೆಗೆ ಹೋಗಿ ನಿಜವಾದ ಸೇತುವೆಯನ್ನೂ ಎಣಿಸಿಬಂದು, "ಮೇಷ್ಟ್ರೇ, ನಿಮ್ಮದರಲ್ಲಿ ಒಂದು ಕಮಾನು ಕಡಿಮೆ ಇದೆ" ಎಂದೆ.

"ನಾಟಕ ನೋಡೋಕೆ ಬರ್ತೀಯೋ, ಸರ್ವೆ ಮಾಡೋಕೆ ಬರ್ತೀಯೋ ಮಾರಾಯ?" ಎಂದರು. ಎರಡು ದಿನ ಮಾತಾಡಲಿಲ್ಲ. ಡೈರಿಯಲ್ಲಿದೆ.

ಆಮೇಲೆ ನಾಟಕಶಾಲೆಯ ಒಡೆಯರಾದ ಸಾಹುಕಾರರು ಅಲ್ಲಿಗೆ ಟಾಕಿ, ಅಂದರೆ ಮಾತಾಡುವ ಸಿನಿಮಾ, ತಂದರು. ಉಳಿದ ಪರದೆಗಳು ಅಡಿಕೆ ಮೂಟೆ ಮುಚ್ಚಲು ಹೋದವು. ಸೇತುವೆಯನ್ನೂ ಕತ್ತರಿಸುವುದೆಂದಾಯಿತು. ಮೇಷ್ಟ್ರಿಗೆ ಊಟ ಸೇರದಾಯಿತು...

ಆದರೆ ಟಾಕಿಯ ಮೊದಲ ಆಟದಲ್ಲೇ ಹಿಂದಿನ ಗೋಡೆ ಕೈಕೊಟ್ಟಿತು. ನಾಯಕಿ ಒಮ್ಮೆ "ಸ್ವಾಮಿ" ಎಂದರೆ ಗೋಡೆ ಎರಡು ಸಲ ಎನ್ನುತ್ತಿತ್ತು. "ಗೋಡೆಗೆ ಬಾಯಿ ಮುಚ್ಚೋಕೆ ಹೇಳ್ರೋ!" ಎಂದು ನೆಲದ ಮೇಲೆ ಕೂತವರು ಕೂಗಿದರು. ಅಂಥ ಕೂಗು ಒಟ್ಟು ಹತ್ತೊಂಬತ್ತು ಎಂದು ಡೈರಿಯಲ್ಲಿ ಬರೆದುಕೊಂಡೆ. ಆ ಪುಟವನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ, ನನ್ನನ್ನೂ ಕರೆದುಕೊಂಡು ನೇರ ಸಾಹುಕಾರರ ಬಳಿ ಹೋದರು.

"ನನ್ನ ಪರದೆನ ಆ ಗೋಡೆಗೆ ಹೊದಿಸಿ ನೋಡಿ, ಬಟ್ಟೆ ದನಿ ಹೀರುತ್ತೆ. ಸರಿಹೋಗದಿದ್ರೆ ಕತ್ತರಿಸಿ."

"ಬಿಳಿ ಪರದೆ ಹಿಂದೆ ನಿಮ್ಮ ಸೇತುವೆನ ಯಾರು ನೋಡ್ತಾರ್ರೀ?"

"ನೋಡೋದು ಬೇಡ ಸಾಹುಕಾರ್ರೇ. ಇರ್ಲಿ."

ಹರಿದಲ್ಲಿ ತೇಪೆ ಹಾಕಬೇಕೆಂದು ಅದನ್ನು ಮನೆಗೆ ತಂದರು. ಮೂರು ದಿನ ನಮ್ಮ ಓಣಿಯಲ್ಲೆಲ್ಲ ಅಂಟಿನ ವಾಸನೆ. ನಾಲ್ಕನೆಯ ದಿನ ತೂಗುಹಾಕಿದರು. ಆ ಸಂಜೆಯ ಆಟದಲ್ಲಿ ಕೂಗು ಎರಡೇ. ಅದರಲ್ಲೊಂದು ಅಳುವ ಮಗುವಿನ ತಾಯಿಗೆ. ಪರದೆ ಉಳಿಯಿತು. ಮೇಷ್ಟ್ರು ಅಂದು ಎರಡು ಸಲ ಅನ್ನ ಹಾಕಿಸಿಕೊಂಡರೆಂದು ಅವರ ಹೆಂಡತಿಯೇ ಹೇಳಿದರು.

ಮೇಷ್ಟ್ರು ಹೋದದ್ದು ನಾನು ಭದ್ರಾವತಿಗೆ ಬಂದ ಮೇಲೆ. ಸುದ್ದಿ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು...

ಶನಿವಾರ ಡೈರಿ ಓದಿದವನು ಮರುದಿನ ಶಿವಮೊಗ್ಗದ ರೈಲು ಹತ್ತಿ ಟಾಕಿ ಕಟ್ಟಡಕ್ಕೆ ಹೋದೆ. ಬೆಳಗಿನ ಹೊತ್ತು, ಆಟವಿರಲಿಲ್ಲ. ಗೇಟಿನವನು ಬಿಳಿ ಪರದೆಯ ಹಿಂದೆ ಬಿಟ್ಟ. ತಗಡಿನ ತೂತುಗಳಿಂದ ಬೆಳಕು ಬೀಳುತ್ತಿತ್ತು. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಆಚೆ ದಡದ ಹತ್ತಿರ, ಎರಡು ಅಗಲದ ಕಮಾನುಗಳ ನಡುವೆ ಸಪೂರದ್ದೊಂದು ಒತ್ತಿಕೊಂಡು ನಿಂತಿತ್ತು. ಅದರ ಬಣ್ಣ ಮಾತ್ರ ಮಿಕ್ಕವಕ್ಕಿಂತ ಹೊಸದು.

ಲೆಕ್ಕ ಸರಿಯಾಗಿದೆ ಎಂದು ಬರೆದುಕೊಂಡೆ. ಮೇಷ್ಟ್ರಿಗೆ ಹೇಳಿಬರೋಣವೆಂದು ಕೋಟೆಯ ಕಡೆ ನಾಲ್ಕು ಹೆಜ್ಜೆ ಇಟ್ಟೂ ಬಿಟ್ಟಿದ್ದೆ.