ಅಪ್ಪನ ಚಿಲುಮೆಯ ಕಿಟ್ಟ

ಹಿರಿಯರ ಸಾಮಾನು ಕೈಗೆ ಬಂದರೆ ಮೊದಲು ಅದನ್ನು ಬಳಸುವವರು ಯಾರೆಂದು ಕೇಳಿಕೊಳ್ಳಿ, ಆಮೇಲೆ ಬುದ್ಧಿ ಓಡಿಸಿ. ನಾನು ಮೊದಲೇ ಬುದ್ಧಿ ಓಡಿಸಿದೆ.

ಆಗ ಮದರಾಸು ಸರ್ಕಾರದ ಕಾಲ. ಅಗಳಿ ಕಡೆ ಕುರಿ ಕಾಯುತ್ತಿದ್ದವನ ಮಗನಾದ ನಾನು ರಾಯದುರ್ಗದ ಪೇಟೆಯಲ್ಲಿ ಕಂಬಳಿ ಅಂಗಡಿ ಇಟ್ಟು ಸಾಹುಕಾರ ಅನ್ನಿಸಿಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವನ ಚಿಲುಮೆ ನನ್ನ ಪಾಲಿಗೆ ಬಂತು. ಅದರ ಹಿಂದೆಯೇ ಅಪ್ಪನ ಅಕ್ಕ, ನನ್ನ ಸೋದರತ್ತೆಯೂ ಬಂದಳು. ಚಿಲುಮೆ ಬಳಪದ ಕಲ್ಲಿನದು, ಗೇಣುದ್ದ. ಹೊಟ್ಟೆಯ ಮೇಲೊಂದು ಸೀಳು, ಅದಕ್ಕೆ ಸುತ್ತಿದ ತಂತಿ, ಒಳಗೆಲ್ಲ ಹೊಗೆ ಕಟ್ಟಿದ ಕಪ್ಪು ಕಿಟ್ಟ. ಎಳೆದರೆ ಹೊಗೆ ಬಾಯಿಗೆ ಬರದೆ ಸೀಳಿನಿಂದ ಕಣ್ಣಿಗೆ ನುಗ್ಗುತ್ತಿತ್ತು.

ಅದು ರಿಪೇರಿಯಾಗಬೇಕು ಎಂಬುದು ಅತ್ತೆಯ ಆಸೆ. ಕುರಿಮಂದೆಯ ಹಿಂದೆ ಅಕ್ಕ ತಮ್ಮ ಒಂದೇ ಚಿಲುಮೆ ಸೇದಿಕೊಂಡು ಮುದುಕರಾದವರು. ತಮ್ಮ ಹೋದ ಮೇಲೆ ಅವಳು ತಂಬಾಕು ಮುಟ್ಟಿರಲಿಲ್ಲ. ಬೇರೆ ತಂದುಕೊಡುತ್ತೇನೆಂದರೆ, ಹೊಸದಕ್ಕೆ ಬಾಯಿಡುವ ವಯಸ್ಸಲ್ಲ ತನ್ನದು ಅನ್ನುತ್ತಿದ್ದಳು.

ನನ್ನ ಯೋಚನೆಯೇ ಬೇರೆ. ಅಂಗಡಿಯ ಗೂಡಿನಲ್ಲಿ ಮಖಮಲ್ಲಿನ ಚೂರು ಹಾಸಿ ಅದನ್ನಿಟ್ಟಿದ್ದೆ. ಬಳ್ಳಾರಿಯ ಗಿರಾಕಿಯೊಬ್ಬ ಏನಿದು ಎಂದು ಕೇಳಿದಾಗ, ರತ್ನಗಿರಿಯ ಪಾಳೆಯಗಾರರು ನಮ್ಮ ಹಿರಿಯರಿಗೆ ಕೊಟ್ಟದ್ದು ಎಂಬ ಮಾತು ತಾನೇ ಬಾಯಿಂದ ಬಿತ್ತು. ಅವನು ಕೈಮುಗಿದ. ಮುಂದಿನ ಗಿರಾಕಿಯ ಹೊತ್ತಿಗೆ ಪಾಳೆಯಗಾರರು ಕುದುರೆಯನ್ನೂ ಹತ್ತಿದ್ದರು. ಇಂಥ ವಸ್ತುವನ್ನು ಮುಟ್ಟುವುದುಂಟೇ? ಕಿಟ್ಟ ಅಂದರೆ ಮೂರು ತಲೆಮಾರಿನ ಉಸಿರು, ಅದನ್ನು ಕಾಪಾಡಬೇಕು ಎಂದು ಅತ್ತೆಗೆ ಉಪದೇಶ ಮಾಡಿದೆ. ಅವಳು ದಿನಾ ಊಟವಾದ ಮೇಲೆ ಬಂದು ಗೂಡಿನ ಎದುರು ಕೂರುತ್ತಿದ್ದಳು.

ಅದನ್ನು ನೋಡಲಾರದೆ ಕಂಚುಗಾರನ ಹತ್ತಿರ ಹೋದೆ. ಸೀಳಿನೊಳಗೂ ಕಿಟ್ಟ ಕೂತಿದೆ, ಪೂರ್ತಿ ಕೆರೆದರೆ ಮಾತ್ರ ಸೀಳು ಕೂಡುತ್ತದೆ, ಆಮೇಲೆ ತಾಮ್ರದ ಕಟ್ಟು ಬಿಗಿಯಬಹುದು ಎಂದ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ ಯಾವ ವ್ಯಾಪಾರವನ್ನಾದರೂ ನಡುವೆ ತಂದು ನಿಲ್ಲಿಸುವವನು ನಾನು. ಇಲ್ಲಿಯೂ ಬಿಡಲಿಲ್ಲ. ಅರ್ಧ ಕೆರೆ, ಅರ್ಧ ಇರಲಿ ಅಂದೆ.

“ಇದು ಸೇದಾಕೋ ನೋಡಾಕೋ, ಅಷ್ಟ ಹೇಳ್ರಿ ಸಾವ್ಕಾರ್ರ. ಅರ್ಧ ಸೇದಾಕ ಬರಂಗಿಲ್ಲ.”

ಚಿಲುಮೆಯನ್ನು ಹಾಗೆಯೇ ವಾಪಸು ತಂದೆ. ಅಂಗಡಿಯಲ್ಲಿ ಅದೇ ಬಳ್ಳಾರಿಯವನು ಕಾಯುತ್ತಿದ್ದ. ಅವನೆದುರಿಗೇ ಅತ್ತೆಗೆ ಹೇಳಿದೆ, ಕೆರೆದರೆ ಮೂರು ತಲೆಮಾರು ಹೋಗಿಬಿಡುತ್ತವಂತೆ ಎಂದು.

“ಯಾವ ತಲೆಮಾರ್ಲಾ? ನಾನೂ ನಿಮ್ಮಪ್ಪಾನೂ ಮಡಕಶಿರಾ ಸಂತೇಲಿ ಒಂದ್ ಹೊರೆ ಉಣ್ಣೆ ಕೊಟ್ಟು ತಗಂಡಿದ್ದು ಅದು. ಅಮಾಸೆ ಅಮಾಸೆಗೂ ಮೊಳೆ ಹಾಕಿ ಕೆರೀತಿದ್ದ. ಕಡೇ ವರ್ಷ ಕೈ ನಡುಗ್ತು, ಬಿಟ್ಟ. ನೀನು ಆವಾಗ ಬಂದಿದ್ರೆ ನಿನ್ ಕೈಲೇ ಕೆರೆಸ್ತಿದ್ದ.”

ಬಳ್ಳಾರಿಯವನು ಕಂಬಳಿಯ ಅಂಚನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ನಾನು ಮಖಮಲ್ಲಿನ ಮೇಲಿಟ್ಟು ಕಾಪಾಡಿದ್ದು ಒಂದು ವರ್ಷದ ಕೊಳೆ. ಆ ವರ್ಷ ವ್ಯಾಪಾರ ಬಲು ಜೋರಾಗಿತ್ತು, ಊರ ಕಡೆ ತಲೆ ಹಾಕಲು ಪುರುಸೊತ್ತಿರಲಿಲ್ಲ.

ಗಿರಾಕಿ ಹೋದ ಮೇಲೆ ಮೊಳೆ ಹುಡುಕಿಕೊಂಡು ಕೂತು ನಾನೇ ಕೆರೆದೆ. ಸಂಜೆಯವರೆಗೆ ಹಿಡಿಯಿತು. ಉಗುರುಗಳಿಂದ ಕಪ್ಪು ಹೋಗಲು ವಾರ ಬೇಕಾಯಿತು. ಮಾರನೆಯ ದಿನ ತಾಮ್ರದ ಕಟ್ಟು ಬಿಗಿಯಲು ಕಂಚುಗಾರ ಹೇಳಿದ ಕೂಲಿಗೆ ಹೂಂ ಅಂದುಬಿಟ್ಟೆ. ಮೈ ಸರಿ ಇದೆಯೋ ಇಲ್ಲವೋ ಎಂದು ಅವನು ನನ್ನ ಮುಖ ನೋಡಿದ.

ಅತ್ತೆ ತಂಬಾಕು ತುಂಬಿ, ಹಿಡಿಯುವ ಕಡೆ ಒದ್ದೆ ಬಟ್ಟೆ ಸುತ್ತಿ, ಕೆಂಡ ಇಟ್ಟು, ಕಣ್ಣು ಮುಚ್ಚಿ ಉದ್ದಕ್ಕೆ ಒಂದು ದಮ್ಮು ಎಳೆದಳು. ಸೀಳಿನಿಂದ ಹೊಗೆ ಬರಲಿಲ್ಲ. ಎರಡನೆಯದನ್ನು ಎಳೆದು, ಕಣ್ಣು ತೆರೆಯದೆಯೇ ಚಿಲುಮೆ ಹಿಡಿದ ಕೈಯನ್ನು ಪಕ್ಕಕ್ಕೆ ಚಾಚಿದಳು. ಪಕ್ಕದಲ್ಲಿ ಇದ್ದವನು ನಾನು. ಹುಟ್ಟಿದಾಗಿನಿಂದ ತಂಬಾಕು ಸೇದಿದವನಲ್ಲ. ಆದರೂ ಆ ಕೈಯನ್ನು ಗಾಳಿಯಲ್ಲಿ ಬಿಡಲು ಮನಸ್ಸು ಬರಲಿಲ್ಲ. ಎಳೆದೆ. ಕಣ್ಣಲ್ಲಿ ಮೂಗಲ್ಲಿ ನೀರು ಬಂದು, ಕಂಬಳಿ ಅಟ್ಟಿಯ ಮೇಲೆ ಒರಗಿ ಕೆಮ್ಮತೊಡಗಿದೆ.

“ಇತ್ಲಾಗ್ ಕೊಡಪ್ಪ,” ಅಂದಳು ಅತ್ತೆ. “ತಂಬಾಕು ಹಾಳು.”