ರ‍್ಯಾಮಿಗೆ ಇಟ್ಟ ಕುಂಕುಮ

ಕಂಪ್ಯೂಟರಿನ ಪಕ್ಕದ ತಗಡು ತೆಗೆದಾಗ ಮೊದಲು ಬಂದದ್ದು ಧೂಳಿನ ವಾಸನೆ. ಆಮೇಲೆ ಕಂಡದ್ದು, ರ‍್ಯಾಮ್ ಎಂಬ ಮೆಮರಿ ಪಟ್ಟಿ ಕೂರುವ ಸೀಳಿನ ಮೂಲೆಯಲ್ಲಿ ಉಳಿದಿದ್ದ ಚೂರು ಕೆಂಪು. ಬೆರಳು ತಾಗಿಸಿ ಮೂಸಿ ನೋಡಿದೆ. ಇಷ್ಟು ವರ್ಷಗಳ ಮೇಲೆ ಕುಂಕುಮಕ್ಕೆ ವಾಸನೆ ಉಳಿದಿರಲಾರದು. ಇದೆ ಎಂದೇ ನನಗನ್ನಿಸಿತು...

ಹೋದ ತಿಂಗಳು ಆಂಟಿ ತೀರಿಕೊಂಡರು. ಅವರ ಮಗಳು ಸ್ಯಾನ್ ಡಿಯಾಗೋದಿಂದ ಈ ಭಾರದ ಕಂಪ್ಯೂಟರ್ ಪೆಟ್ಟಿಗೆಯನ್ನು ಕಾರಿನಲ್ಲಿ ಹಾಕಿಕೊಂಡು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನ ನನ್ನ ಅಪಾರ್ಟ್‌ಮೆಂಟಿಗೆ ತಂದಳು. ಬೇರೆ ಯಾರಿಗೂ ಇದನ್ನು ಮುಟ್ಟಲು ಅಮ್ಮ ಬಿಡುತ್ತಿರಲಿಲ್ಲ, ನಿನ್ನ ಹತ್ತಿರ ಇರಲಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕಾಫಿಗೂ ನಿಲ್ಲದೆ ಹೊರಟುಹೋದಳು. ಪೆಟ್ಟಿಗೆಯನ್ನು ತೆರೆಯಲು ನನಗೆ ಇವತ್ತಿನವರೆಗೆ ಧೈರ್ಯ ಬಂದಿರಲಿಲ್ಲ.

ಆಂಟಿ ನನ್ನ ಅಮ್ಮನ ಕಾಲೇಜಿನ ಗೆಳತಿ, ಮೈಸೂರಿನವರು. ಸ್ಯಾನ್ ಡಿಯಾಗೋದ ರ‍್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಅವರ ಮನೆ. ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ನಾನು ಲಾಸ್ ಏಂಜಲೀಸಿನಲ್ಲಿ ಎಂ.ಎಸ್. ಓದುತ್ತಿದ್ದಾಗ ರಜೆ ಸಿಕ್ಕರೆ ಟ್ರೇನ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಸ್ಟೇಷನ್ನಿಗೆ ಕರೆಯಲು ಬಂದವರು ಕಾರಿನಲ್ಲೇ ಚಕ್ಕುಲಿ ಡಬ್ಬಿ ಕೊಡುತ್ತಿದ್ದರು. ಅಂಕಲ್ ಸೇತುವೆಗಳ ನಕ್ಷೆ ಮಾಡುವ ಎಂಜಿನಿಯರ್. ಮನೆಯಲ್ಲಿ ಕೆಲಸ ಮಾಡಲೆಂದು ಈ ವರ್ಕ್‌ಸ್ಟೇಷನ್ ಕಂಪ್ಯೂಟರ್ ತಂದಿಟ್ಟಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಅವರ ಕೈಯಲ್ಲಿ ವಿಡಿಯೊ ಕ್ಯಾಮೆರಾ ಇದ್ದೇ ಇರುತ್ತಿತ್ತು.

ಅಂಕಲ್ ತೀರಿಕೊಂಡ ವರ್ಷ ಆಂಟಿ ಆ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು. ವರ್ಷದ ತಿಥಿಗೆ ಬರುವ ನೆಂಟರಿಷ್ಟರಿಗೆ ಊಟದ ಮೇಲೆ ತೋರಿಸಲು ಒಂದು ಚಿಕ್ಕ ಚಿತ್ರ ಮಾಡಬೇಕು ಎಂಬ ಆಸೆ. ಎಡಿಟಿಂಗ್ ತಾವೇ ಕಲಿತರು. ಆದರೆ ಎರಡು ಮೂರು ತುಣುಕು ಜೋಡಿಸುವಷ್ಟರಲ್ಲಿ ಯಂತ್ರ ಸ್ತಬ್ಧವಾಗುತ್ತಿತ್ತು. ತಿಥಿ ಹತ್ತಿರ ಬಂದಾಗ ನನಗೆ ಫೋನ್ ಮಾಡಿದರು.

“ನಿಂತ್ಹೋಗತ್ತೆ ಕಣೇ. ಅವರು ಏನೋ ಹೇಳ್ತಿರ್ತಾರೆ, ಅರ್ಧ ಮಾತಿಗೇ ನಿಂತ್ಹೋಗತ್ತೆ.”

ಮೆಮರಿ ಸಾಲುತ್ತಿಲ್ಲ ಎಂದು ನನಗನ್ನಿಸಿತು. ಯಾವ ರ‍್ಯಾಮ್ ಆರ್ಡರ್ ಮಾಡಬೇಕೆಂದು ಹೇಳಿ, ಆ ಶನಿವಾರ ಹೋದೆ. ಪಾರ್ಸೆಲ್ ಆಗಲೇ ಬಂದಿತ್ತು. ಹೊಸ ಪಟ್ಟಿಗಳೆರಡೂ ದೇವರ ಮುಂದೆ ಬೆಳ್ಳಿ ತಟ್ಟೆಯಲ್ಲಿದ್ದವು, ಜೊತೆಗೊಂದು ದಾಸವಾಳ. ಕಾರಿರಲಿ ಮಿಕ್ಸಿಯಿರಲಿ, ಆ ಮನೆಗೆ ಬಂದ ಹೊಸ ವಸ್ತು ಮೊದಲು ಅಲ್ಲಿ ಕೂತೇ ಮುಂದಕ್ಕೆ ಹೋಗಬೇಕು. ನಾನು ನಕ್ಕು ಪಟ್ಟಿಗಳನ್ನು ಎತ್ತಿಕೊಂಡೆ, ಹಿಂಬದಿ ನೋಡಲಿಲ್ಲ. ಕಂಪ್ಯೂಟರಿನ ತಗಡು ಮುಟ್ಟಿ ಕೈಯ ಸ್ಥಿರ ವಿದ್ಯುತ್ತು ಕಳೆದು, ಹಳೆಯ ಪಟ್ಟಿಗಳನ್ನು ತೆಗೆದು, ಹೊಸವನ್ನು ಎರಡೂ ಕಡೆ ಟಕ್ ಎನ್ನುವವರೆಗೆ ಒತ್ತಿದೆ.

ಸ್ವಿಚ್ ಹಾಕಿದರೆ ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗಿತು. ಪರದೆ ಕಪ್ಪು.

ಪಟ್ಟಿಗಳನ್ನು ಮತ್ತೆ ಹೊರಗೆ ತೆಗೆದೆ. ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ, ನೀರಲ್ಲಿ ಕಲಸಿದ ಅರಿಶಿನ ಒಣಗಿ ಹತ್ತಿಕೊಂಡಿತ್ತು. ಅದರ ಮೇಲೆ ಕುಂಕುಮ. ಆಂಟಿ ನನ್ನ ಮುಖ ನೋಡಿದರು, ಪಟ್ಟಿಯನ್ನು ನೋಡಿದರು.

“ಎಲ್ಲಿಗಿಡಬೇಕು ಗೊತ್ತಾಗಲಿಲ್ಲ” ಅಂದರು. “ಅಲ್ಲಿ ಹೊಳೀತಿತ್ತಲ್ಲ... ಅದೇ ಮುಖ ಅಂದ್ಕೊಂಡೆ.”

ಒಳಗಿರುವುದೆಲ್ಲ ಹೋಯಿತಾ ಎಂದು ಅವರು ಮೆಲ್ಲಗೆ ಕೇಳಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಟೇಪಿನದೆಲ್ಲ ಒಳಗೇ ಬೇರೆ ಡಿಸ್ಕಿನಲ್ಲಿ ಭದ್ರವಾಗಿದೆ ಎಂದೆ. ನಂಬಿದಂತೆ ಕಾಣಲಿಲ್ಲ. ಒಳಗೆ ಹೋಗಿ ಸ್ಪಿರಿಟ್ಟು, ಹತ್ತಿ ತಂದರು. ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಕೂತು, ಒಂದೊಂದೇ ಹಲ್ಲನ್ನು ಒರೆಸತೊಡಗಿದರು. ಸೂಜಿ ಚುಚ್ಚುವ ಮೊದಲು ಮಗುವಿನ ತೋಳು ಒರೆಸುವಾಗಲೂ ಅವರ ಕೈ ಹೀಗೇ ಇದ್ದಿರಬೇಕು. ತುಟಿ ಮಾತ್ರ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು: “ಆಯ್ತು, ಆಯ್ತು... ಮುಗೀತು ಪುಟ್ಟಾ.”

ಸೀಳಿಗೆ ಬಿದ್ದ ಪುಡಿಯನ್ನು ನಾನು ಊದಿ ತೆಗೆದೆ. ಒಂದು ಮೂಲೆಯದು ಬರಲಿಲ್ಲ.

ಈ ಸಲ ಪರದೆ ಬೆಳಗಿತು. ಆಂಟಿ ತುಣುಕುಗಳನ್ನು ಒಂದರ ಹಿಂದೊಂದು ಜೋಡಿಸಿದರು. ಎಲ್ಲೂ ನಿಲ್ಲಲಿಲ್ಲ. ಸಮುದ್ರದ ದಂಡೆಯಲ್ಲಿ ಸೆರಗು ಹಿಡಿದುಕೊಂಡ ಆಂಟಿ, ಅಡುಗೆಮನೆಯಲ್ಲಿ ಆಂಟಿ, ಕಾರು ತೊಳೆಯುವ ಆಂಟಿ. ಕ್ಯಾಮೆರಾದ ಹಿಂದಿನಿಂದ ಅಂಕಲ್ ಧ್ವನಿ: ಇಲ್ಲಿ ನೋಡೇ, ಸ್ವಲ್ಪ ನಗೇ. ಅಷ್ಟು ಟೇಪುಗಳಲ್ಲಿ ಅವರ ಮುಖ ಒಂದು ಕಡೆಯೂ ಇರಲಿಲ್ಲ.

“ಎಲ್ಲಾ ನಾನೇ” ಎಂದರು ಆಂಟಿ. “ನಂಗೆ ನಾನ್ಯಾಕೆ?”

ನಾನು ಕಂಪ್ಯೂಟರಿನ ತಗಡು ಮುಚ್ಚಿ ಸ್ಕ್ರೂ ತಿರುಗಿಸಿದೆ.

ತಿಥಿಯ ದಿನ ಊಟವಾದ ಮೇಲೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದರು. “ಇದನ್ನ ನೋಡಬೇಡಿ, ಕೇಳಿಸ್ಕೊಳ್ಳಿ” ಎಂದು ಹೇಳಿ ಚಿತ್ರ ಹಾಕಿದರು. ದೊಡ್ಡವರು ಕೆಲವರು ನಿಜವಾಗಿಯೂ ಕಣ್ಣು ಮುಚ್ಚಿ ಕೂತಿದ್ದರು. ನಾನೂ ಮುಚ್ಚಿದ್ದೆ.

ಇವತ್ತು ಧೂಳು ಒರೆಸಿ, ಆ ಕೆಂಪನ್ನು ಹಾಗೇ ಬಿಟ್ಟು, ತಗಡು ಮುಚ್ಚಿದೆ. ಸ್ವಿಚ್ ಹಾಕಿದಾಗ ತಡವಾಗಿಯಾದರೂ ಎದ್ದಿತು. ಚಿತ್ರ ಅಲ್ಲೇ ಇತ್ತು. ಈ ಸಲ ಕಣ್ಣು ಮುಚ್ಚಲಿಲ್ಲ. ಸಮುದ್ರದ ದಂಡೆಯಲ್ಲಿ ಆಂಟಿ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿಯುತ್ತಾರೆ. ಬೆರಳ ಸಂದಿಯಿಂದ ನಗು ಕಾಣುತ್ತದೆ.

“ಸಾಕು ರೀ, ಆಫ್ ಮಾಡಿ” ಅನ್ನುತ್ತಾರೆ.

ನಾನು ಚಿತ್ರ ನಿಲ್ಲಿಸದೆ ಮೌಸಿನಿಂದ ಕೈ ತೆಗೆದೆ.